ಮೂರನೇ ದರ್ಜೆಯ ಸವಾರಿ

ನನಗೆ ಕುದುರೆಯೆಂದರೆ ಭಯವಿಲ್ಲ ಎಂದು ಮೊನ್ನೆಮೊನ್ನೆಯವರೆಗೂ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಹೇಳಿಕೊಳ್ಳುವುದರಲ್ಲಿ ನಾನು ಮೊದಲಿನಿಂದಲೂ ಮುಂದು. ಸವಾರಿ ಕಲಿಯಲು ಬಂದ ಮಕ್ಕಳು ತಡಿಯ ಮೇಲೆ ಕೂತು ಅಳತೊಡಗಿದರೆ, "ಅದೇನು ಹುಲಿಯಾ ನಿನ್ನ ತಿನ್ನೋಕೆ? ಹುಲ್ಲು ತಿನ್ನೋ ಪ್ರಾಣಿ ಕಣೋ" ಎಂದು ರೇಗುತ್ತಿದ್ದೆ. ಅವರ ತಾಯಂದಿರು ನನ್ನನ್ನು ಕಣ್ಣರಳಿಸಿ ನೋಡುತ್ತಿದ್ದರು. ಅದೂ ನನಗೆ ಇಷ್ಟವೇ, ಸುಳ್ಳು ಯಾಕೆ ಹೇಳಲಿ.

ನಮ್ಮದೊಂದು ಸವಾರಿ ಶಾಲೆ. ತಗಡಿನ ಸೂರಿನ ಲಾಯ, ಅದರ ಮುಂದೆ ಮರಳು ಹಾಸಿದ ಅಂಗಳ, ಅಂಗಳದ ಸುತ್ತ ಬಿಳಿ ಬಣ್ಣ ಬಳಿದ ಕಟಕಟೆ. ಲಾಯದ ಮೇಲಿನ ಎರಡು ಕೋಣೆಗಳಲ್ಲಿ ನಾನು ಮತ್ತು ಅಪ್ಪ ಇದ್ದೆವು. ಅಪ್ಪ ಅಂಗಳದ ನಡುವೆ ನಿಂತು ಪಾಠ ಹೇಳುತ್ತಿದ್ದ. ನಾನು ಸಾಲಿನ ಮೊದಲ ಕುದುರೆಯ ಮೇಲೆ ಕೂತು, ಅವನು ಹೇಳಿದ್ದನ್ನು ಮಾಡಿ ತೋರಿಸುತ್ತಿದ್ದೆ. "ನಡೀ" ಎಂದರೆ ನಡಿಗೆ. "ಟ್ರಾ...ಟ್" ಎಂದರೆ ಮೈ ಕುಲುಕುವ ಓಟ. "ಕ್ಯಾಂ...ಟರ್" ಎಂದರೆ ತೇಲಿಕೊಂಡು ಹೋಗುವ ಓಟ. "ಹೋ..." ಎಂದರೆ ನಿಲ್ಲುವುದು. ಅಪ್ಪನದು ಭಾರಿ ಗಂಟಲು. ರಸ್ತೆಯಾಚೆಯ ಟೈರ್ ಅಂಗಡಿಯವನು, "ನಿಮ್ಮಪ್ಪ ಹೋ ಅಂದಾಗೆಲ್ಲ ನನ್ನ ಕೈಯೂ ನಿಂತುಬಿಡುತ್ತೆ" ಎಂದು ತಮಾಷೆ ಮಾಡುತ್ತಿದ್ದ.

ಬೇರೆ ಕಡೆ ಮೂರನೇ ದರ್ಜೆ ಎಂದರೆ ಜನ ಮೂಗು ಮುರಿಯುತ್ತಾರೆ. ನಮ್ಮ ಸವಾರಿ ಮಂಡಳಿಯಲ್ಲಿ ಲೆಕ್ಕ ಉಲ್ಟಾ. ಒಂದನೇ ದರ್ಜೆ ಬೀಳದೆ ಕೂರಬಲ್ಲವರಿಗೆ. ಎರಡನೆಯದು ನಡಿಗೆ, ಓಟ ಎಲ್ಲ ಬಲ್ಲವರಿಗೆ. ಆ ಪರೀಕ್ಷೆ ನಡೆಯುವುದು ಅವರವರ ಶಾಲೆಯಲ್ಲೇ, ಅವರವರ ಕುದುರೆಯ ಮೇಲೇ, ಮೇಷ್ಟ್ರು ನಡುವೆ ನಿಂತು ಹೇಳಿಕೊಡುತ್ತಿರುವಾಗಲೇ. ಮೂರನೆಯದು ಪಾಠ ಹೇಳುವವರಿಗೆ. ಅದಕ್ಕೆ ಮಂಡಳಿಯ ಮೈದಾನಕ್ಕೆ ಹೋಗಬೇಕು, ಹಿಂದೆಂದೂ ನೋಡಿರದ ಕುದುರೆ ಹತ್ತಬೇಕು, ಬಾಯಿ ಬಿಡದೆ ಎಂಟು ಬೇಲಿ ಹಾರಿಸಬೇಕು. ತನ್ನವರು ಯಾರಾದರೂ ಹೊರಗಿನಿಂದ ಒಂದು ಮಾತು ಕೂಗಿದರೂ ಅಲ್ಲಿಗೇ ನಪಾಸು. ಅಪ್ಪನ ಹತ್ತಿರ ಮೂರನೇ ದರ್ಜೆಯ ಬಿಲ್ಲೆ ಇತ್ತು. ನನ್ನದು ಎರಡನೆಯದು, ಹದಿನಾರರ ವಯಸ್ಸಿನಲ್ಲಿ ಗಳಿಸಿದ್ದು. ಮನೆಯಲ್ಲಿ ಒಂದಿದೆಯಲ್ಲ, ಇನ್ನೊಂದು ಯಾಕೆ ಎಂದು ಇಷ್ಟು ವರ್ಷ ಹಾಯಾಗಿದ್ದೆ.

ಆಮೇಲೆ ಅಪ್ಪನ ಗಂಟಲಲ್ಲಿ ಗಂಟು ಕಾಣಿಸಿಕೊಂಡಿತು. ಆಪರೇಷನ್ ಆಯಿತು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಸದ್ಯಕ್ಕೆ ಪಿಸುಮಾತೂ ಬೇಡ. ಆಮೇಲೆ ಮಾತು ಬರುತ್ತೆ, ಆದರೆ ಮೈದಾನದಲ್ಲಿ ಕೂಗೋ ಗಂಟಲು ಮತ್ತೆ ಬರಲ್ಲ. ಗಾಯ ಮಾಯೋ ಮುಂಚೆ ಏನಾದ್ರೂ ಕೂಗಿದರು ಅಂದ್ಕೊಳ್ಳಿ, ಒಳಗಿನ ಹೊಲಿಗೆ ಬಿಚ್ಚಿ ರಕ್ತ ಉಸಿರಿನ ನಾಳಕ್ಕೆ ಇಳಿಯುತ್ತೆ. ಆಗ ನನ್ನ ಕೈಯಲ್ಲೂ ಏನಿಲ್ಲ" ಎಂದರು. ಅಪ್ಪ ಕತ್ತಿಗೆ ಕಂದು ಬಣ್ಣದ ಮಫ್ಲರ್ ಸುತ್ತಿಕೊಂಡು, ಶಾಲೆಗೆ ಸೇರಿಸಿದ ಮಗುವಿನಂತೆ ತುಟಿ ಬಿಗಿದು ಮನೆಗೆ ಬಂದ.

ಅದೇ ವಾರ ಮಂಡಳಿಯ ತಪಾಸಣೆಯವನು ಬಂದು ಕಟಕಟೆಗೆ ಒರಗಿ ನಿಂತ. ಒಳ್ಳೆಯ ಮನುಷ್ಯನೇ. "ಮೂರನೇ ದರ್ಜೆಯವರು ಅಂಗಳದಲ್ಲಿ ನಿಂತು ಪಾಠ ಹೇಳಬೇಕು ಅನ್ನೋದು ನಿಯಮ ತಾಯಿ. ಈ ತಿಂಗಳ ಪರೀಕ್ಷೆಗೆ ನೀವು ಕೂತ್ಕೊಳ್ಳಿ. ಇಲ್ಲ ಅಂದ್ರೆ ಬೀಗ ಹಾಕಿಸದೆ ಬೇರೆ ದಾರಿಯಿಲ್ಲ. ಮುಂದಿನ ಪರೀಕ್ಷೆ ಇನ್ನು ಬರೋ ವರ್ಷವೇ" ಎಂದ.

"ಇಷ್ಟೇ ತಾನೇ" ಎಂದೆ ನಾನು.

ಬೀಗ ಬಿದ್ದರೆ ಏನಾಗುತ್ತದೆ ಎಂದು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಶಾಲೆಯ ಕುದುರೆಗಳೆಲ್ಲ ವಯಸ್ಸಾದವು, ಬೆನ್ನು ಬಾಗಿದವು. ಅಂಥವನ್ನು ಕೊಳ್ಳುವವನು ಒಬ್ಬನೇ ಇದ್ದಾನೆ. ಅವನು ಕುದುರೆಯ ಹಲ್ಲು ನೋಡುವುದಿಲ್ಲ, ತೂಕ ನೋಡುತ್ತಾನೆ. ಅವನ ಲಾರಿ ಆಗಲೇ ಒಮ್ಮೆ ನಮ್ಮ ಗೇಟಿನ ಮುಂದೆ ನಿಧಾನವಾಗಿ ಹಾದುಹೋಗಿತ್ತು.

ಮರುದಿನ ಬೆಳಗ್ಗೆ ಅಭ್ಯಾಸಕ್ಕೆಂದು ಬೂದಿಯನ್ನು ಹತ್ತಿದೆ. ಬೂದಿ ನಮ್ಮ ಹಳೆಯ ಹೆಣ್ಣು ಕುದುರೆ, ನಾನು ಕಣ್ಣು ಮುಚ್ಚಿಕೊಂಡೂ ಹತ್ತಿ ಕೂರಬಹುದಾದಂಥದ್ದು. ಅಪ್ಪ ಎಂದಿನಂತೆ ಅಂಗಳದ ನಡುವೆ ನಿಂತಿದ್ದ. ನಾನು ಹಿಮ್ಮಡಿ ಒತ್ತಿದೆ. ಬೂದಿ ಅಲುಗಲಿಲ್ಲ. ಇನ್ನೊಮ್ಮೆ ಒತ್ತಿದೆ. ಅದು ಬಾಲ ಬೀಸಿ ನೊಣ ಓಡಿಸಿತು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಎರಡೂ ಕಾಲಿಂದ ಬಲವಾಗಿ ಒದ್ದೆ. ಬೂದಿ ಬೇಸರದಿಂದ ನಾಲ್ಕು ಹೆಜ್ಜೆ ನಡೆದು ಮತ್ತೆ ನಿಂತಿತು. ಅದರ ಒಂದು ಕಿವಿ ಅಪ್ಪನ ಕಡೆಗೇ ತಿರುಗಿತ್ತು.

ಲಾಯದ ಬಾಗಿಲಲ್ಲಿ ಹುಲ್ಲಣ್ಣ ನಿಂತು ನೋಡುತ್ತಿದ್ದ. ನಾನು ಹುಟ್ಟುವ ಮೊದಲಿನಿಂದಲೂ ಕುದುರೆಗಳಿಗೆ ಹುಲ್ಲು ಹಾಕುತ್ತಿರುವ ಮುದುಕ, ನಿಜವಾದ ಹೆಸರು ಅವನಿಗೇ ಮರೆತಿರಬೇಕು. ಸುಮ್ಮನೆ ಇರಲಾರದೆ, ಅಪ್ಪನ ಧಾಟಿಯಲ್ಲೇ "ಟ್ರಾ...ಟ್" ಎಂದು ರಾಗ ಎಳೆದ.

ಬೂದಿ ಕುಲುಕುತ್ತಾ ಓಡಿತು. ನಾನು ಕಾಲು ಸಡಿಲ ಬಿಟ್ಟಿದ್ದೆ, ಲಗಾಮನ್ನೂ ಮುಟ್ಟಿರಲಿಲ್ಲ. ಹುಲ್ಲಣ್ಣ "ಹೋ" ಎಂದ. ಅದು ನಿಂತಿತು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ಬೂದಿಯಿಂದ ಇಳಿದೆ.

ಎಲ್ಲ ಕುದುರೆಗಳನ್ನೂ ಒಂದೊಂದಾಗಿ ಹತ್ತಿ ನೋಡಿದೆ. ಅದೇ ಹಾಡು. ಇಷ್ಟು ವರ್ಷ ನಾನು ಕಾಲು ಒತ್ತಿದ್ದೆ, ಲಗಾಮು ಹಿಡಿದಿದ್ದೆ, ಬೆನ್ನು ನೆಟ್ಟಗಿಟ್ಟು ಮೆರೆದಿದ್ದೆ, ಮತ್ತು ಕುದುರೆಗಳು ಅದೊಂದನ್ನೂ ಕಿವಿಗೆ ಹಾಕಿಕೊಂಡಿರಲಿಲ್ಲ. ಅವು ಅಪ್ಪನ ಮಾತಿಗೆ ಓಡುತ್ತಿದ್ದವು, ಅಪ್ಪನ ಮಾತಿಗೆ ನಿಲ್ಲುತ್ತಿದ್ದವು. ನಾನು ಸವಾರಳಲ್ಲ, ಸಾಮಾನು. ಬೆನ್ನ ಮೇಲಿನ ಮೂಟೆ.

ಕೊನೆಯದು ಕಿಡಿ, ಇರುವುದರಲ್ಲಿ ಎಳೆಯದು. ಅದು ನಿಲ್ಲುವ ಜಾತಿಯಲ್ಲ. ನಾನು ಹತ್ತಿದ್ದೇ ತಡ, ಅಂಗಳದ ಕಟಕಟೆಯುದ್ದಕ್ಕೂ ಕಿತ್ತುಕೊಂಡು ಓಡಿತು. ಎರಡೂ ಲಗಾಮು ಹಿಡಿದು ಎಳೆದೆ. ಎಳೆದಷ್ಟೂ ಅದು ಮುಂದಕ್ಕೆ ಒರಗಿ ಜೋರು ಮಾಡಿತು. ಮೂಲೆ ಬಂತು. ಅದು ತಿರುಗಿತು, ನಾನು ತಿರುಗಲಿಲ್ಲ. ಮರಳಲ್ಲಿ ಮುಖ ಹೂತು ಬಿದ್ದಾಗ ಗೊರಸು ನನ್ನ ಕಿವಿಯ ಪಕ್ಕದಲ್ಲೇ ದಡದಡ ಹಾದುಹೋಯಿತು. ಏಳುವ ಬದಲು ಎರಡೂ ಕೈಯಿಂದ ತಲೆ ಮುಚ್ಚಿಕೊಂಡೆ. ಅಂಥ ಭಯ ಅಲ್ಲಿಯವರೆಗೆ ನನಗೆ ಗೊತ್ತೇ ಇರಲಿಲ್ಲ.

ಅಪ್ಪ ಓಡಿ ಬಂದಿದ್ದ. ಅವನ ಬಾಯಿ ತೆರೆದಿತ್ತು, ಅಂಗೈ ಅದನ್ನು ಮುಚ್ಚಿಕೊಂಡಿತ್ತು.

"ನಿನಗೆ ಗೊತ್ತಿತ್ತು" ಎಂದೆ. ಅವನು ನನ್ನ ಬೆನ್ನ ಮರಳು ಕೊಡವಿದ. "ಗೊತ್ತಿತ್ತಾ ಇಲ್ವಾ? ನಾನೇನು ಜೋಕರಾ ನಿನಗೆ?" ಅವನು ತಲೆ ತಗ್ಗಿಸಿ, ಮೂಲೆಯಲ್ಲಿ ನಿಂತುಕೊಂಡಿದ್ದ ಕಿಡಿಯ ಕಾಲಿಡುವ ರಿಕಾಬಿನ ಪಟ್ಟಿ ಸರಿಮಾಡಲು ಹೋದ.

ಉತ್ತರ ಕೊಟ್ಟವನು ಹುಲ್ಲಣ್ಣ. "ಆರು ವರ್ಷದವಳಿದ್ದಾಗ ನೀನು ಹೀಗೇ ಬಿದ್ದಿದ್ದೆ ಮಗಾ. ಎರಡು ದಿನ ಕಣ್ಣೇ ಬಿಟ್ಟಿರಲಿಲ್ಲ. ಆಮೇಲೆ ನಿಮ್ಮಪ್ಪ ಒಂದೊಂದು ಕುದುರೇನೂ ತನ್ನ ಮಾತಿಗೆ ಪಳಗಿಸಿದ. ನಿನ್ನ ಕಾಲು ಆಡೋ ಮುಂಚೆ ಅವನ ಬಾಯಿ ಆಡೋದು. ನಿನ್ನನ್ನ ಯಾವ ಕುದುರೆ ಕೈಗೂ ಅವನು ಕೊಟ್ಟೇ ಇಲ್ಲ."

ಹಾಗಾದರೆ ನನ್ನ ಧೈರ್ಯ ಎಂದು ನಾನು ಮೆರೆಸಿದ್ದೆಲ್ಲ ಅಪ್ಪನ ಭಯ. ಮೂವತ್ತು ದಾಟಿದ ಹೆಂಗಸು ನಾನು. ಅಂಗಳದ ಮರಳಲ್ಲಿ ಕೂತು, ಪಾಠ ಯಾವಾಗ ಎಂದು ಕೇಳಲು ಬಂದಿದ್ದ ಮಕ್ಕಳ ತಾಯಂದಿರು ನೋಡುತ್ತಿದ್ದರೂ ಲೆಕ್ಕಿಸದೆ ಅತ್ತೆ.

ಅಂದಿನಿಂದ ಪರೀಕ್ಷೆಯವರೆಗೆ ನಾನು ನೆಮ್ಮದಿಯಾಗಿ ಒಂದು ತುತ್ತು ಉಂಡಿದ್ದು ನೆನಪಿಲ್ಲ. ಬಿಗಿದ ತಡಿಯನ್ನೇ ಮೂರು ಮೂರು ಸಲ ಬಿಚ್ಚಿ ಬಿಗಿಯುತ್ತಿದ್ದೆ. ಅಪ್ಪ ಮಾತಿಲ್ಲದೆ ಕಲಿಸಿದ. ನನ್ನ ಮೀನಖಂಡದ ಮೇಲೆ ಅಂಗೈ ಇಟ್ಟು ಎಷ್ಟು ಒತ್ತಬೇಕೆಂದು ತೋರಿಸಿದ. ಲಗಾಮಿನ ಇನ್ನೊಂದು ತುದಿಯನ್ನು ತಾನು ಹಿಡಿದು, ಕುದುರೆಯ ಬಾಯಿ ತಾನೇ ಎಂಬಂತೆ ನಿಂತು, ನಾನು ಎರಡೂ ಕೈ ಎಳೆದರೆ ಒರಗಿ ಎಳೆದಾಡಿದ. ಒಂದೇ ಕೈ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡಿದರೆ ಮೆತ್ತಗೆ ಆ ಕಡೆ ತಿರುಗಿದ. ಕಿತ್ತುಕೊಂಡು ಓಡುವ ಕುದುರೆಯನ್ನು ಎಳೆದು ನಿಲ್ಲಿಸಲಾಗುವುದಿಲ್ಲ, ಸುತ್ತು ಹಾಕಿಸಿ ಸುತ್ತನ್ನು ಸಣ್ಣದು ಮಾಡುತ್ತಾ ಬರಬೇಕು, ಅಷ್ಟೇ. ತಲೆಗೆ ಹೋಯಿತು. ಮೈಗೆ ಹೋಗಬೇಕಲ್ಲ. ನಾನು ಎಡವಿದಾಗಲೆಲ್ಲ ರೇಗಿದೆ, "ಮುಂಚೆಯೇ ಕಲಿಸೋಕೆ ಏನಾಗಿತ್ತು ರೋಗ" ಎಂದು ಬಾಯಿಗೆ ಬಂದಂತೆ ಬೈದೆ. ಅವನು ಬೈಸಿಕೊಂಡ. ಮಾತು ಬಾರದವನನ್ನು ಬೈಯುವುದು ಎಷ್ಟು ಸುಲಭ ನೋಡಿ.

ಬೂದಿ ದಿನಕ್ಕಿಷ್ಟು ನನ್ನ ಕಾಲಿನ ಮಾತು ಕೇಳತೊಡಗಿತು, ಅಂಗಳದಲ್ಲಿಟ್ಟ ಸಣ್ಣ ಬೇಲಿಗಳನ್ನೂ ಹಾರಿತು. ಆದರೆ ಭಯ ಹೋಗಲಿಲ್ಲ, ಬೆಳೆಯಿತು. ಮೊದಲು ಏನೂ ಗೊತ್ತಿಲ್ಲದೆ ಕೂರುತ್ತಿದ್ದೆ. ಈಗ ಏನೇನು ಆಗಬಹುದೆಂದು ಗೊತ್ತಿತ್ತು. ಪರೀಕ್ಷೆಯ ಹಿಂದಿನ ದಿನ ಅಪ್ಪನಿಗೆ, "ನೀನು ಬರಬೇಡ" ಎಂದೆ. ಅವನು ಆಯಿತೆಂದು ತಲೆಯಾಡಿಸಿದ. ಬೆಳಗ್ಗೆ ನೋಡಿದರೆ ವ್ಯಾನಿನಲ್ಲಿ ನನಗಿಂತ ಮೊದಲೇ ಕೂತಿದ್ದ.

ಮಂಡಳಿಯ ಮೈದಾನ ನಮ್ಮ ಅಂಗಳಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಒಂದು ಮಗ್ಗುಲಿಗೆ ಕಟಕಟೆ, ಅದರಾಚೆ ಜನ, ಕುದುರೆ ತಂದ ವ್ಯಾನುಗಳು. ದೂರದ ಇನ್ನೊಂದು ಮಗ್ಗುಲಲ್ಲಿ ಗೇಟು, ಗೇಟಿನಾಚೆ ಲಾರಿಗಳು ಓಡಾಡುವ ರಸ್ತೆ. ಗೇಟು ತೆರೆದೇ ಇತ್ತು. ನನ್ನ ಕಣ್ಣು ಬೇಲಿಗಳನ್ನು ಬಿಟ್ಟು ಅಲ್ಲಿಗೇ ಹೋಗುತ್ತಿತ್ತು.

ಪರೀಕ್ಷಕಿ ಎತ್ತರದ ಹೆಂಗಸು, ಕನ್ನಡಕ, ತಲೆಗೆ ಬಟ್ಟೆಯ ಟೋಪಿ. ಬೇರೆ ಕಡೆಯಿಂದ ಹೊಸದಾಗಿ ಬಂದವರಂತೆ, ಅಲ್ಲಿ ಅವರಿಗೆ ಯಾರ ಪರಿಚಯವೂ ಇರಲಿಲ್ಲ. "ಎಂಟು ಬೇಲಿ, ನಂಬರಿನ ಪ್ರಕಾರ. ಬಾಯಲ್ಲಿ ಕುದುರೆಗೆ ಹೇಳೋ ಹಾಗಿಲ್ಲ, ಹೊರಗಿನವರು ನಿಮಗೆ ಹೇಳೋ ಹಾಗಿಲ್ಲ. ನಿಧಾನಕ್ಕೆ ಹೋಗಿ" ಎಂದರು. ನನ್ನ ಪಾಲಿಗೆ ಬಂದದ್ದು ಕೆಂಚು ಬಣ್ಣದ, ನನ್ನ ತಲೆಗಿಂತ ಎತ್ತರದ ಗಂಡು ಕುದುರೆ. ಅದರ ಕಣ್ಣಲ್ಲಿ ನಾನು ಕಂಡೆ, ಪುಟ್ಟದಾಗಿ, ಡೊಂಕಾಗಿ.

ಹತ್ತಿ ಕೂತೆ. ಕಾಲು ಒತ್ತಿದೆ, ಕುದುರೆ ನಡೆಯಿತು. ನಿಜವಾಗಿ ನಡೆಯಿತು. ಒತ್ತಿದೆ, ಓಡಿತು. ಮೊದಲನೇ ಬೇಲಿ ಬಂತು, ಹೋಯಿತು. ಎರಡು, ಮೂರು. ನಾನು ಉಸಿರಾಡಿದ್ದೆನೋ ಇಲ್ಲವೋ ದೇವರೇ ಬಲ್ಲ. ಕಟಕಟೆಯ ಬಳಿ ಕಂದು ಮಫ್ಲರ್ ಒಮ್ಮೆ ಕಂಡಿತು. ನಾಲ್ಕನೆಯದನ್ನು ದಾಟುವಾಗ ರಿಕಾಬಿನಿಂದ ಒಂದು ಕಾಲು ಜಾರಿತು, ಹೇಗೋ ಸಿಕ್ಕಿಸಿಕೊಂಡೆ.

ಐದನೇ ಬೇಲಿಯಾಚೆ ಯಾರದೋ ವ್ಯಾನಿನ ಮೇಲೆ ಹೊದಿಸಿದ್ದ ಟಾರ್ಪಾಲು ಗಾಳಿಗೆ ಎದ್ದು ಪಟಾರೆಂದು ಬಡಿಯಿತು. ಕುದುರೆ ಗಾಳಿಯಲ್ಲೇ ಮೈ ತಿರುಚಿತು. ನೆಲ ಮುಟ್ಟಿದ್ದೇ ತಡ, ಕತ್ತು ಚಾಚಿ ಓಡಿತು. ಆ ಓಟಕ್ಕೆ ನಮ್ಮ ಶಾಲೆಯಲ್ಲಿ ಹೆಸರೇ ಇಲ್ಲ. ಗಾಳಿಗೆ ಕಣ್ಣಲ್ಲಿ ನೀರು ಬಂತು. ಎದುರಿಗೆ ಗೇಟು, ಗೇಟಿನಾಚೆ ಒಂದು ಲಾರಿಯ ನೀಲಿ ಬೆನ್ನು. ಸತ್ತೆ ಎಂದುಕೊಂಡೆ. ಕಲಿತದ್ದೆಲ್ಲ ನೆಗೆದು ಬಿದ್ದು, ಎರಡೂ ಕೈಯಲ್ಲಿ ಲಗಾಮು ಹಿಡಿದು ಜೋತುಬಿದ್ದೆ. ಕುದುರೆ ಅದರ ಮೇಲೇ ಒರಗಿ ಇನ್ನಷ್ಟು ಓಡಿತು.

ಆಗ ಕೇಳಿಸಿತು. "ಹೋ..."

ಅಪ್ಪನ ಗಂಟಲೇ. ಹಳೆಯ ಗಂಟಲು, ಇಡೀ ಮೈದಾನ ತುಂಬುವಂಥದ್ದು, ಆದರೆ ಕೊನೆಯಲ್ಲಿ ಬಟ್ಟೆ ಹರಿದಂತೆ ಸೀಳಿಹೋಯಿತು. ನನ್ನ ಮೈಯ ಒಂದೊಂದು ನರವೂ ನಿಲ್ಲಲು ಸಿದ್ಧವಾಯಿತು. ಹುಟ್ಟಿದಾಗಿನಿಂದ ಆ ಮಾತಿಗೆ ನಾನೂ ನಿಂತವಳು, ಕುದುರೆಗಳ ಜೊತೆಗೆ.

ಕೆಂಚು ಕುದುರೆಯ ಕಿವಿ ಕೂಡ ಅಲುಗಲಿಲ್ಲ. ಅದಕ್ಕೆ ಅಪ್ಪ ಯಾರೋ.

ನನ್ನನ್ನು ಉಳಿಸುವವರು ಇನ್ನು ಯಾರೂ ಇಲ್ಲವೆಂದು ಆಗ ನನಗೆ ಖಾತ್ರಿಯಾಯಿತು. ಎಡಗೈ ಸಡಿಲ ಬಿಟ್ಟೆ. ಬಲಗೈ ತೆರೆದು ಹಿಡಿದೆ, ಬಿಟ್ಟೆ, ಹಿಡಿದೆ. ಬೆನ್ನು ಹಿಂದಕ್ಕೆ ಹಾಕಿ ತಡಿಯಲ್ಲಿ ಕುಸಿದು ಕೂತೆ. ಕುದುರೆಯ ಕತ್ತು ಒಂದಿಷ್ಟೇ ಬಲಕ್ಕೆ ಬಾಗಿತು. ಗೇಟಿನ ಕಂಬ ನನ್ನ ಎಡ ಮೊಣಕಾಲನ್ನು ಸವರಿಕೊಂಡೇ ಹೋದಂತಾಯಿತು. ದೊಡ್ಡ ಸುತ್ತು, ಅದಕ್ಕಿಂತ ಸಣ್ಣ ಸುತ್ತು, ಇನ್ನೂ ಸಣ್ಣದು. ಕೊನೆಗೆ ಕುದುರೆ ಏದುಸಿರು ಬಿಡುತ್ತಾ ನನ್ನ ಕೈಯೊಳಗೆ ನಿಂತಿತು. ಯಾರ ಮಾತಿಗೂ ಅಲ್ಲ, ನನ್ನ ಕೈಗೆ.

ಪರೀಕ್ಷಕಿ ಓಡುತ್ತಾ ಬಂದರು. "ಚೆನ್ನಾಗಿ ನಿಲ್ಲಿಸಿದ್ರಿ. ಮುಂದುವರಿಸಬಹುದು" ಎಂದವರು ಕಟಕಟೆಯ ಕಡೆ ನೋಡಿದರು. "ಆದರೆ ಅಲ್ಲಿಂದ ಒಬ್ಬರು ಕೂಗಿದ್ರಲ್ಲ. ದಾರೀಲಿ ಹೋಗೋರು ಗಾಬರಿಯಾಗಿ ಕೂಗಿದ್ರೆ ಅದು ಬೇರೆ. ನಿಮ್ಮ ಮೇಷ್ಟ್ರೋ ಮನೆಯವರೋ ಆದ್ರೆ ಇಲ್ಲಿಗೇ ಮುಗೀತು, ನಾನೇನೂ ಮಾಡೋಕಾಗಲ್ಲ. ಆ ಮಫ್ಲರಿನವರು. ಅವರು ನಿಮಗೇನಾಗಬೇಕು?"

ನಾನೂ ನೋಡಿದೆ. ಅಪ್ಪ ಎರಡೂ ಕೈಯಲ್ಲಿ ಮಫ್ಲರನ್ನು ಬಾಯಿಗೆ ಒತ್ತಿಕೊಂಡಿದ್ದ. ಪರೀಕ್ಷಕಿ ತನ್ನ ಕಡೆ ತೋರಿಸಿದ್ದು ಅವನಿಗೆ ಕಂಡಿತು. ಏನು ಕೇಳುತ್ತಿದ್ದಾರೆಂದು ಅವನಿಗೆ ಗೊತ್ತಾಗದೆ ಇರುತ್ತದೆಯೇ, ಆ ನಿಯಮಗಳನ್ನು ಕುಡಿದವನು ಅವನು. ನನ್ನ ಕಡೆ ಒಮ್ಮೆಯೂ ನೋಡದೆ ಬೆನ್ನು ತಿರುಗಿಸಿ, ಯಾವನೋ ದಾರಿಹೋಕನಂತೆ, ವ್ಯಾನುಗಳ ಸಾಲಿನತ್ತ ನಡೆಯತೊಡಗಿದ. ಹೆಜ್ಜೆ ನೆಟ್ಟಗಿರಲಿಲ್ಲ.

ಹೊಲಿಗೆ ಬಿಚ್ಚಿದೆ. ನನಗೆ ಅಲ್ಲಿಂದಲೇ ಗೊತ್ತಾಯಿತು. ಇಳಿದು ಓಡಬೇಕು. ಓಡಿದರೆ ಅವನು ನನ್ನವನು, ನಾನು ನಪಾಸು, ಗೇಟಿಗೆ ಬೀಗ, ಬೂದಿಯ ಕೊರಳಿಗೆ ಲಾರಿಯವನ ಹಗ್ಗ. ಅವನು ಸೀಳಿಕೊಂಡ ಗಂಟಲೂ ದಂಡ.

"ಯಾರೋ ಏನೋ" ಎಂದೆ. "ನನಗೆ ಗೊತ್ತಿಲ್ಲ."

ನಮ್ಮಪ್ಪನನ್ನು ಹಾಗೆಂದೆ. ನಾಲಗೆ ಒಂದಿಷ್ಟೂ ತೊದಲಲಿಲ್ಲ.

ಉಳಿದ ಮೂರು ಬೇಲಿಗಳನ್ನು ಹಾರಿಸಿದೆ. ಹೇಗೆ ಎಂದು ಕೇಳಬೇಡಿ. ಕುದುರೆಯ ಭಯ ಎಳ್ಳಷ್ಟೂ ಇರಲಿಲ್ಲ. ಹಲ್ಲು ಕಟಕಟ ಎನ್ನುತ್ತಿದ್ದದ್ದು ಬೇರೆಯದಕ್ಕೆ. ಪ್ರತಿ ತಿರುವಿನಲ್ಲೂ ವ್ಯಾನುಗಳ ಸಾಲು ಕಾಣುತ್ತಿತ್ತು, ಸಾಲಿನ ಹಿಂದೆ ಏನಾಗುತ್ತಿದೆ ಎಂದು ಕಾಣುತ್ತಿರಲಿಲ್ಲ. ಎಂಟನೆಯದು ಮುಗಿದ ಮೇಲೂ ನಿಯಮದಂತೆ ಕುದುರೆಯನ್ನು ನಡಿಗೆಗೆ ಇಳಿಸಿ, ಒಂದು ಸುತ್ತು ಹಾಕಿಸಿ, ತಲೆ ಬಾಗಿಸಿ ವಂದಿಸಬೇಕು. ವಂದಿಸಿದೆ. ಪರೀಕ್ಷಕಿ ನನ್ನ ಅಂಗೈಯಲ್ಲಿ ಬಿಲ್ಲೆ ಇಟ್ಟು ಏನೋ ಒಳ್ಳೆಯ ಮಾತು ಹೇಳಿದರು. ಅವರು ಕೈ ಬಿಡುವುದನ್ನೇ ಕಾದಿದ್ದು ಓಡಿದೆ.

ಅಪ್ಪ ಕೊನೆಯ ವ್ಯಾನಿನ ಹಿಂದೆ, ಕುದುರೆಗಳಿಗೆ ನೀರು ಹಿಡಿಯುವ ನಲ್ಲಿಯ ಪಕ್ಕ ನೆಲದಲ್ಲಿ ಕೂತಿದ್ದ. ಮಫ್ಲರ್ ನೆನೆದು ಕಪ್ಪಾಗಿತ್ತು. ಉಸಿರು ಎಳೆದಾಗ ಒಳಗೆ ಗೊರಗೊರ ಎನ್ನುತ್ತಿತ್ತು. ನನ್ನನ್ನು ಕಂಡು ಮೊದಲು ನನ್ನ ಹಿಂದೆ ಯಾರಾದರೂ ಬಂದರೇನೋ ಎಂದು ನೋಡಿದ. ಯಾರೂ ಇಲ್ಲದಿದ್ದುದು ಖಾತ್ರಿಯಾದ ಮೇಲೆ ಹುಬ್ಬೆತ್ತಿ ಕೇಳಿದ. ನಾನು ಬಿಲ್ಲೆ ತೋರಿಸಿದೆ. ಅವನು ಅದನ್ನು ಮುಟ್ಟಲಿಲ್ಲ, ಕೈಗೆ ರಕ್ತವಾಗಿತ್ತು.

"ಕೂಗಬೇಡ ಅಂತ ಎಷ್ಟು ಸಲ ಬಡ್ಕೊಂಡಿದ್ದೆ" ಎಂದು ಬೈದೆ. ಬೈಯುತ್ತಲೇ ಅವನ ಕಂಕುಳಿಗೆ ಕೈ ಹಾಕಿ ಎಬ್ಬಿಸಿ ವ್ಯಾನಿಗೆ ಹತ್ತಿಸಿದೆ. ದಾರಿಯುದ್ದಕ್ಕೂ ಬೈಯುತ್ತಲೇ ಇದ್ದೆ. ಬೈಯುವುದು ನಿಲ್ಲಿಸಿದರೆ ಆ ಗೊರಗೊರ ಕೇಳಿಸುತ್ತಿತ್ತು.

ಆಸ್ಪತ್ರೆಯಲ್ಲಿ ಅವನನ್ನು ಗಾಲಿಮಂಚದ ಮೇಲೆ ಮಲಗಿಸಿ ಒಳಗೆ ತಳ್ಳಿಕೊಂಡು ಹೋದರು. ಬಾಗಿಲು ತೂಗಾಡಿ ಮುಚ್ಚಿತು. ನಾನು ಮರಳು ಮೆತ್ತಿದ ಬೂಟಿನಲ್ಲಿ ಮೇಜಿನ ಮುಂದೆ ನಿಂತಿದ್ದೆ. ಮೇಜಿನ ಹಿಂದಿನ ನರ್ಸಮ್ಮ ಅವನ ವಯಸ್ಸು ಕೇಳಿದಳು, ಹೇಳಿದೆ. ಆಪರೇಷನ್ ಯಾವಾಗ ಆಗಿತ್ತೆಂದು ಕೇಳಿದಳು, ಹೇಳಿದೆ.

"ನಿಮಗೇನಾಗಬೇಕು ಅವರು?"

"ನಮ್ಮಪ್ಪ" ಎಂದೆ.

ಅವಳು ಬರೆದುಕೊಂಡಳು. ಆಮೇಲೆ ಪೆನ್ನು ಕೆಳಗಿಟ್ಟು, ಮೇಜಿನ ಮೇಲಿಂದ ತೋಳು ಚಾಚಿ ನನ್ನ ಕೈ ಹಿಡಿದುಕೊಂಡಳು. "ಕೇಳಿಸ್ತಮ್ಮ" ಎಂದಳು ಮೆಲ್ಲಗೆ. "ಬರ್ಕೊಂಡೆ. ಒಂದ್ಸಲ ಹೇಳಿದ್ರೆ ಸಾಕು."

ನಾನು ಇನ್ನೂ ಹೇಳುತ್ತಲೇ ಇದ್ದೆನಂತೆ.